ಎರಕದ ಡ್ರಮ್ಮೂ ಮುತ್ತಾಜಮ್ಮಣ್ಣಿಯ ಮೂರು ಒಗಟೂ

ಸ್ವಲ್ಪ ಹತ್ತಿರ ಬಾ. ಆ ಕಿಟಕಿ ಹಾಕಿಬಿಡು, ಗೋಡೆಯಾಚೆ ಯಾರ ಕಿವಿ ಇರುತ್ತೋ ಏನೋ. ಈ ಮಾತು ನಿನ್ನ ಹೊಟ್ಟೆಯಲ್ಲೇ ಇರಬೇಕು, ಕಟ್ಟಿಕೊಂಡ ಗಂಡನಿಗೂ ಹೇಳಕೂಡದು. ಆಣೆ ಇಟ್ಟೆಯಾ? ಹಾಗಾದರೆ ಕೇಳು.

ಹಾಲ್ಗೆರೆ ಪಟ್ಟಣದಲ್ಲಿ ಒಂದು ಬೆಳಿಗ್ಗೆ ಡಂಗುರ ಸಾರಿದರು. "ಅರಸರ ಮಗಳು ಮುತ್ತಾಜಮ್ಮಣ್ಣಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರು ಏನು ಕೇಳಿದರೂ ಕೊಡಲಾಗುವುದು. ಒಂದು ತಪ್ಪಿದರೂ ತಲೆ ತೆಗೆಯಲಾಗುವುದು."

ಸಾಕವ್ವ ಅಂಗಳದಲ್ಲಿ ಕೂತು ಮಣ್ಣಿನ ಓಡಿನಲ್ಲಿ ಕಾಫಿಬೀಜ ಹುರಿಯುತ್ತಿದ್ದಳು. ಗಂಡ ಸತ್ತ ಮೇಲೆ ಅವಳಿಗೆ ಉಳಿದಿದ್ದು ಒಬ್ಬನೇ ಮಗ, ಪಾತ್ರೆಗಳಿಗೆ ಕಲಾಯಿ ಹಾಕುವ ಹೊನ್ನೂರ. ಡಂಗುರದವನು ಬೀದಿ ತಿರುಗುವ ಮೊದಲೇ ಅವನು ಕೈಮಸಿ ಒರೆಸಿಕೊಂಡು ಎದ್ದ.

"ಅವ್ವಾ, ಅರಮನೆಗೆ ಹೋಗ್ಬರ್ತೀನಿ."

"ಹಂಡೆಗೆ ಕಲಾಯಿ ಹಾಕೋಕಾ?"

"ಅಲ್ಲ, ಒಗಟು ಬಿಡಿಸೋಕೆ."

ಸಾಕವ್ವ ಓಡನ್ನು ಒಲೆಯ ಮೇಲೇ ಬಿಟ್ಟು, ತಲೆಗೆ ಸೆರಗೆಳೆದುಕೊಂಡು ಮಗನ ಹಿಂದೆ ಓಡಿದಳು.

ಅರಮನೆಯಲ್ಲಿ ಕಂಡದ್ದನ್ನು ನೋಡಿ ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಮದುವೆ ವಯಸ್ಸಿಗೆ ಬಂದ ಅರಸು ಮಗಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈವರೆಗೂ ಮಸಿ ಮಾಡಿಕೊಂಡು, ತುಂಬಿದ ಸಭೆಯಲ್ಲಿ ಕಾಫಿಬೀಜ ಹುರಿಯುತ್ತಿದ್ದಳು. ಮೊದಲು ಅವಳ ಹತ್ತಿರ ಬೆಂಕಿಯ ಮೇಲೆ ಹಿಡಿಕೆ ಹಿಡಿದು ತಿರುಗಿಸಿ ಹುರಿಯುವ ತೆಳು ತಗಡಿನ ಡ್ರಮ್ಮು ಇತ್ತಂತೆ. ಅದರಲ್ಲಿ ಹುರಿದರೆ ಮೂರು ಬೀದಿಗೆ ಘಮ ಬರುತ್ತಿತ್ತಂತೆ. ಅದು ಸಾಲದೆಂದು ಹಟಹಿಡಿದು ಹಡಗಿನಲ್ಲಿ ಎರಕ ಹೊಯ್ದ ಕಬ್ಬಿಣದ ಡ್ರಮ್ಮು ತರಿಸಿದ್ದಳು. ಬೆರಳು ದಪ್ಪ, ನಾಲ್ಕು ಆಳು ಹೊರಬೇಕು. ಅದು ಬಂದ ದಿನದಿಂದ ಅರಮನೆ ತುಂಬಾ ಕರಕಲು ವಾಸನೆ. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಮೊದಲು ಪಾಳೇಗಾರನ ಮಗ ಮುಂದೆ ಬಂದ. ಮೀಸೆಗೆ ಬೆಣ್ಣೆ ಹಚ್ಚಿದ್ದ.

"ಒಲೆಯ ಮೇಲೆ ಕೂತರೆ ಅದರ ಮೈ ಉಬ್ಬುತ್ತೆ, ತೂಕ ಇಳಿಯುತ್ತೆ, ಒಳಗೆ ಬಚ್ಚಿಟ್ಟುಕೊಂಡ ಎಣ್ಣೆ ಹೊರಗೆ ಬರುತ್ತೆ. ಏನದು?" ಎಂದಳು ಅಮ್ಮಣ್ಣಿ.

"ಮಂಡಕ್ಕಿ."

"ಮಂಡಕ್ಕಿ ಯಾವತ್ತು ಎಣ್ಣೆ ಬಿಟ್ಟಿತ್ತು? ಅಡುಗೆಮನೆ ಹೊಸಿಲು ತುಳಿದಿದ್ದೀರಾ?" ಅವನನ್ನು ಭಟರು ಕೈಕಟ್ಟಿ ಕೂರಿಸಿದರು.

ಆಮೇಲೆ ಬಂದವನು ಆಸ್ಥಾನದ ಶಾಸ್ತ್ರಿಯ ಅಳಿಯ. ಮೊದಲನೆಯದಕ್ಕೆ "ಕಾಫಿಬೀಜ" ಎಂದು ಸರಿಯಾಗಿ ಹೇಳಿದ. ಕಣ್ಣೆದುರೇ ಹುರಿಯುತ್ತಿದ್ದಳಲ್ಲ.

"ಎರಡು ಸಲ ಮಾತ್ರ ಬಾಯಿ ಬಿಡುತ್ತೆ. ಮೊದಲ ಸಲ ಜೋರಾಗಿ, ಎರಡನೇ ಸಲ ಮೆಲ್ಲಗೆ. ಆಮೇಲೂ ಕಾದರೆ ಬೂದಿ. ಏನದು?"

"ಮನುಷ್ಯ," ಎಂದ ಅವನು. "ಹುಟ್ಟುವಾಗ ಕಿರುಚುತ್ತಾನೆ, ಸಾಯುವಾಗ ನರಳುತ್ತಾನೆ, ಕೊನೆಗೆ ಬೂದಿ."

ಸಭೆಯೆಲ್ಲ ತಲೆದೂಗಿತು. ಅರಸರ ಕಣ್ಣಲ್ಲೂ ನೀರು.

"ಚೆನ್ನಾಗಿದೆ," ಎಂದಳು ಅಮ್ಮಣ್ಣಿ. "ಆದರೆ ತಪ್ಪು."

ಅವನ ಕೈಗೂ ಹಗ್ಗ ಬಿತ್ತು. ಸಾಕವ್ವ ಮಗನ ಅಂಗಿ ಹಿಡಿದು ಜಗ್ಗಿದಳು. "ನಡಿಯೋ ಮಗಾ. ನಿಂಗೇನಾದ್ರೂ ಆದ್ರೆ ನಾನು ಯಾರ ಮುಖ ನೋಡ್ಲಿ?" ಅವನು ಅಂಗಿ ಬಿಡಿಸಿಕೊಂಡು ಮುಂದೆ ಹೋದ.

"ಮೊದಲನೇದು ಕಾಫಿಬೀಜ, ಬುದ್ಧಿ. ಎರಡನೇದು ಅದರ ಸಿಡಿತ. ಕಾವು ಏರಿದಾಗ ಚಟಪಟ ಅಂತ ಜೋರಾಗಿ ಸಿಡಿಯುತ್ತೆ. ಸ್ವಲ್ಪ ಬಿಟ್ಟು ಒಣಕಡ್ಡಿ ಮುರಿದ ಹಾಗೆ ಇನ್ನೊಂದು ಸಲ. ಅದೂ ಮುಗಿದ ಮೇಲೆ ಇಳಿಸದಿದ್ದರೆ ಉಳಿಯೋದು ಇದ್ದಿಲು."

ಅಮ್ಮಣ್ಣಿ ಹಿಡಿಕೆ ತಿರುಗಿಸೋದು ನಿಲ್ಲಿಸಿದಳು. "ಬೆಂಕಿ ನಂದಿಸಿದ ಮೇಲೂ ಬೀಜ ಸುಡುವವನು ಯಾರು?"

ಹೊನ್ನೂರ ಡ್ರಮ್ಮಿನ ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ಗಂಟೆಯ ಹಾಗೆ ಸದ್ದು ಬಂತು. "ಇವನೇ."

"ಹಾಗಂದರೆ?"

ಅಮ್ಮಣ್ಣಿ ಅದನ್ನು ಕೇಳಿದ ರೀತಿಗೇ ಅವನಿಗೆ ಅನುಮಾನ ಬಂತು. "ಅಮ್ಮಣ್ಣಿಯವರಿಗೆ ಉತ್ತರ ಗೊತ್ತಿಲ್ವಾ?"

ಕೇಳಿದೆಯಾ? ಅಮ್ಮಣ್ಣಿ ನೆಲ ನೋಡಿದಳು. "ಗೊತ್ತಿದ್ದರೆ ಯಾಕೆ ಕೇಳ್ತಿದ್ದೆ? ಮೂರು ತಿಂಗಳಿಂದ ಬೀಜ ಸೀಯುತ್ತಿದೆ. ಹುರಿಯೋದು ಹೇಗೆ ಅಂತ ಬೀದಿಯವರನ್ನ ಕೇಳಿದರೆ ಅರಮನೆ ಮಾನ ಉಳಿಯುತ್ತಾ?"

ಅರಸರು ಸಿಂಹಾಸನದಿಂದ ಎದ್ದರು. "ನಿನಗೇ ತಿಳಿಯದ್ದಕ್ಕೆ ಕಂಡವರ ತಲೆ ಪಣಕ್ಕಿಟ್ಟೆಯಾ ಮಗಳೇ?" ಎಂದು, ಆ ಇಬ್ಬರ ಹಗ್ಗ ತಾವೇ ಬಿಚ್ಚಿದರು.

ಹೊನ್ನೂರ ಬಿಡಿಸಿ ಹೇಳಿದ. "ಕೆಳಗಿನ ಬೆಂಕಿ ಎಳೆದ ಕೂಡಲೇ ತಗಡು ತಣ್ಣಗಾಗುತ್ತೆ, ಅದಕ್ಕೇ ಬೀಜದ ಬಣ್ಣ ಪೂರ್ತಿ ಬರೋವರೆಗೆ ಕಾಯಬಹುದಿತ್ತು. ಎರಕ ಹಾಗಲ್ಲ, ಕಾವು ಹಿಡಿದಿಟ್ಟುಕೊಳ್ಳುತ್ತೆ. ದಪ್ಪ ಹಂಡೆ ಒಲೆಯಿಂದ ಇಳಿಸಿದ ಮೇಲೂ ಅದರೊಳಗೆ ಕಲಾಯಿ ತವರ ಕರಗಿ ಹರೀತಾನೇ ಇರುತ್ತೆ, ನಾನು ದಿನಾ ನೋಡ್ತೀನಿ. ಡ್ರಮ್ಮು ಹೊಸದು, ತಾವು ತಿರುಗಿಸೋದು ಹಳೇದರ ಲೆಕ್ಕದಲ್ಲಿ."

ಮಾಡಿಯೂ ತೋರಿಸಿದ. ಮೊದಲ ಸಿಡಿತ ಮುಗಿಯುತ್ತಲೇ ಕೆಂಡ ಎಳೆದ, ಎರಡನೆಯದಕ್ಕೆ ಕಾಯದೆ ಬೀಜವನ್ನು ಮೊರಕ್ಕೆ ಸುರಿದು ಬೀಸಿದ. ಎಂಥಾ ಘಮ ಅಂತೀಯ, ಬಾಗಿಲ ಭಟರೂ ಈಟಿ ಬಿಟ್ಟು ಒಳಗೆ ಬಂದರು.

"ಏನು ಬೇಕೋ ಕೇಳಪ್ಪ," ಎಂದರು ಅರಸರು. ಹುಡುಗಿಯನ್ನೇ ಕೇಳುತ್ತಾನೆ ಎಂದು ಸಾಕವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಈ ಡ್ರಮ್ಮು ಕೊಡಿ, ಬುದ್ಧಿ."

ಅಮ್ಮಣ್ಣಿ ಎರಡೂ ಕೈಯಿಂದ ಡ್ರಮ್ಮಿನ ಹಿಡಿಕೆ ಹಿಡಿದುಕೊಂಡಳು. ಹೆತ್ತ ಅಪ್ಪನ ಎದುರಿಗೇ ಅಂದಳು, "ಬೇಕಾದರೆ ಅರ್ಧ ರಾಜ್ಯ ಕೇಳು, ನನ್ನನ್ನೇ ಕೇಳು. ಇದೊಂದು ಬೇಡ."

"ಅರ್ಧ ರಾಜ್ಯ ಇಡೋಕೆ ನಮ್ಮನೇಲಿ ಜಾಗ ಇಲ್ಲ, ಅಮ್ಮಣ್ಣಿಯವರೇ."

ಅರಸರ ಮಾತು, ತಪ್ಪುವಂತಿಲ್ಲ. ನಾಲ್ಕು ಆಳು ಡ್ರಮ್ಮು ಹೊತ್ತು ಹೊರಟರು. ಅರಮನೆ ಮೆಟ್ಟಿಲು ಇಳಿಯುವುದರೊಳಗೆ ಬರಿಗಾಲಲ್ಲಿ ಡ್ರಮ್ಮಿನ ಹಿಂದೆ ಹೊರಟಳು ಮುತ್ತಾಜಮ್ಮಣ್ಣಿ. ಎಂಟು ದಿನಕ್ಕೆ ಕಲಾಯಿಯವರ ಅಂಗಳದಲ್ಲೇ ಚಪ್ಪರ ಹಾಕಿ ಹೊನ್ನೂರನಿಗೆ ಧಾರೆ ಎರೆದುಕೊಟ್ಟರು ಅರಸರು.

ಮಾರನೆಯ ದಿನ ಸಾಕವ್ವ ಬೀದಿಗೆಲ್ಲ ಕೇಳುವ ಹಾಗೆ ಕೊಚ್ಚಿಕೊಂಡಳು: "ನನ್ನ ಮಗನ ಮುಖ ನೋಡಿ ಅರಮನೆ ಬಿಟ್ಟು ಬಂದ್ಲು." ಜಗುಲಿಯಲ್ಲಿ ಕೂತಿದ್ದ ಪಕ್ಕದ ಮನೆ ಚೌಡಮ್ಮ ಲೋಟದ ಕಾಫಿಯನ್ನು ತಳದವರೆಗೂ ಕುಡಿದಳು, ಬಾಯಿ ಒರೆಸಿಕೊಂಡಳು, ಮುಖಕ್ಕೆ ಮುಖ ಕೊಟ್ಟು ಹೇಳಿದಳು:

"ಸಾಕವ್ವಾ, ನಿನ್ನ ಸೊಸೆ ಬಂದಿರೋದು ಡ್ರಮ್ಮಿನ ಮನೆಗೆ. ಆ ಮನೇಲಿ ನಿನ್ನ ಮಗ ಇದ್ದ, ಅಷ್ಟೇ. ಇನ್ನೊಂದು ಲೋಟ ಕಾಫಿ ಕೊಡು."