ಹಮಾಲನ ಹಲ್ಲು

"ಅಜ್ಜಾರೇ, ನಾ ಏನ್ ಮಾಡಿದ್ರೂ ತಪ್ಪು ಅಂತಿದ್ದ ಆ ಅಡಿಗಿಯವನನ್ನ ಬಿಡಿಸಿ ಕಳಿಸೀನಿ. ಆರು ತಿಂಗಳಾತು, ಒಂದು ತಕರಾರಿಲ್ಲ. ಮಠದ ದಾಸೋಹ ಈಗ ನೆಟ್ಟಗಾತಲ್ರೀ?" ಎಂದು ಶಿಷ್ಯ ಅಡಿವೆಪ್ಪ ಗುರುಗಳನ್ನು ಕೇಳಿದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕತೆ ಹೇಳಿದರು.

ಒಬ್ಬ ಹಮಾಲನಿದ್ದ. ಜೋಳದ ಚೀಲವನ್ನು ಹಲ್ಲಿನಲ್ಲಿ ಕಚ್ಚಿ ಎತ್ತುವವನು. ಕಾರಹುಣ್ಣಿಮೆಯ ಪಂದ್ಯದಲ್ಲಿ ಹನ್ನೊಂದು ವರ್ಷ ಅವನನ್ನು ಮೀರಿಸಿದವರಿಲ್ಲ. ಊರು ಅವನ ಹೆಸರನ್ನೇ ಮರೆತು ಪೈಲ್ವಾನ ಎನ್ನುತ್ತಿತ್ತು. ಇನ್ನೇನು ಬೇಕು? ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ದಿನಾ ಬೆಳಿಗ್ಗೆ ಇದ್ದಿಲು, ಉಪ್ಪು ಹಾಕಿ ಹಲ್ಲು ತಿಕ್ಕುವನು, ಕನ್ನಡಿ ನೋಡಿಕೊಂಡು ಮೀಸೆ ತಿರುವುವನು.

ಒಂದು ದಿನ ಉಗುಳಿದಾಗ ರಕ್ತ ಬಂತು. ಮುಂದಿನ ಹಲ್ಲುಗಳ ಬುಡದಲ್ಲಿ ಒಸಡು ಕೆಂಪಾಗಿ ಊದಿತ್ತು. ಹೆಂಡತಿ ಗಾಬರಿಯಾದಳು.

"ಒಸಡಿನಾಗ ರಕ್ತ ಬರಾಕತ್ತೈತಿ, ವೈದ್ಯರಿಗೆ ತೋರಸ್ರಿ."

"ನೋವಿಲ್ಲ, ಏನಿಲ್ಲ. ಹಲ್ಲು ಕಲ್ಲಿನಂಗ ಅದಾವು. ಸುಮ್ಕಿರ."

ಮರುದಿನದಿಂದ ರಕ್ತ ಬರುವ ಜಾಗವನ್ನು ಬಿಟ್ಟು ಉಳಿದಲ್ಲಿ ಮಾತ್ರ ತಿಕ್ಕತೊಡಗಿದ. ರಕ್ತ ಕಾಣುವುದು ನಿಂತಿತು. ವಾಸಿಯಾಯಿತೆಂದು ಹಿರಿಹಿರಿ ಹಿಗ್ಗಿದ.

ಕಾರಹುಣ್ಣಿಮೆ ಬಂತು. ಊರೆಲ್ಲ ಸೇರಿತ್ತು. ಹಮಾಲ ಬಗ್ಗಿ ಚೀಲದ ಬಾಯಿ ಕಚ್ಚಿ ಕತ್ತೆತ್ತಿದ. ಕತ್ತು ಮೇಲೆ ಬಂತು, ಚೀಲ ಬರಲಿಲ್ಲ. ನೋಡಿದರೆ ನಾಲ್ಕು ಹಲ್ಲು ಗೋಣಿಯನ್ನು ಕಚ್ಚಿಕೊಂಡೇ ಉಳಿದಿದ್ದವು. ಜನ ದಂಗಾದರು. ಹಮಾಲ ಹಲ್ಲುಗಳನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದ. ಬೇರು ಸಮೇತ ಬಂದಿದ್ದವು. ಒಂದರಲ್ಲೂ ಹುಳುಕಿಲ್ಲ, ಬಿರುಕಿಲ್ಲ. ಬಿದ್ದದ್ದಕ್ಕಿಂತ ಇದೇ ಅವನನ್ನು ಹೆಚ್ಚು ಬೆಚ್ಚಿಬೀಳಿಸಿತು.

ಬಾಯಿಗೆ ಬಟ್ಟೆ ಒತ್ತಿಕೊಂಡು ವೈದ್ಯರ ಮನೆಗೆ ಓಡಿದ. "ಹಲ್ಲು ಗಟ್ಟಿ ಅದಾವಲ್ರೀ! ಹೆಂಗ ಬಿದ್ದುವು?"

ವೈದ್ಯರು ಅವನ ಬಾಯಿ ತೆರೆಸಿ ನೋಡಿದರು. ಉಳಿದ ಹಲ್ಲುಗಳೂ ಬೆರಳು ತಾಗಿದರೆ ಅಲ್ಲಾಡುತ್ತಿದ್ದವು.

"ಹಲ್ಲಿನ ಬುಡಕ್ಕ ಒಸಡು ಬಿಗಿಯಾಗಿ ಕುಂತಿರಬೇಕಪ್ಪಾ. ಅದು ಸಡಿಲಾದ್ರ ಹೊಲಸು ಒಳಗಿಳೀತೈತಿ, ಬೇರು ಹಿಡಿದ ಎಲುಬು ಕರಗತೈತಿ. ನೋವು ಗೊತ್ತಾಗಂಗಿಲ್ಲ. ಒಸಡು ಹೇಳೂದು ರಕ್ತದಾಗ ಅಷ್ಟ. ಅದು ಹೇಳಿತು, ನೀ ಆ ಕಡೆ ಹೋಗೂದನ್ನೇ ಬಿಟ್ಟಿ."

ಗುರುಗಳು ಕತೆ ನಿಲ್ಲಿಸಿದರು.

"ಎಂಥ ದಡ್ಡ ಇದ್ದಾನ್ರೀ!" ಎಂದು ಅಡಿವೆಪ್ಪ ನಕ್ಕ.

"ಅಡಿವೆಪ್ಪಾ, ನಿನ್ನ ಎದುರು ನಿಂತು ತಪ್ಪು ಅನ್ನಾವರು ಈಗ ಮಠದಾಗ ಯಾರದಾರ?" ಎಂದರು ಗುರುಗಳು.