ಆಲಿವ್ ಎಲೆಯ ಬಿಳಿ ಮಗ್ಗುಲು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಗಾಳಿಗೆ ಮಾತು ಬರುತ್ತಿತ್ತು, ಮರಕ್ಕೆ ಕಿವಿ ಕೇಳುತ್ತಿತ್ತು. ಆಗ ಆಲಿವ್ ಮರದ ಎಲೆ ಎರಡೂ ಕಡೆ ಹಸಿರೇ ಇತ್ತು ಮಕ್ಕಳೇ, ಥೇಟ್ ಮಾವಿನೆಲೆಯ ಹಾಗೆ.

ಗ್ರೀಕರ ನಾಡಿನಲ್ಲಿ, ಓಟದ ಬಯಲಿನ ಅಂಚಿಗೆ ಅಂಥದ್ದೊಂದು ಮರವಿತ್ತು. ಕಾಯಿ ಬಾಯಿಗಿಟ್ಟರೆ ಥೂ, ಕಹಿ! ಯಾರೂ ಅದನ್ನು ಮೂಸಿಯೂ ನೋಡುತ್ತಿರಲಿಲ್ಲ. ನಿಕಾಂದ್ರ ಎಂಬ ಓಟಗಾರನಿಗೆ ಮಾತ್ರ ಅದೆಂದರೆ ಪ್ರಾಣ. ಓಡಿ ಓಡಿ ಸುಸ್ತಾಗಿ ಬಂದರೆ ಮರ ನೆರಳು ಕೊಡುತ್ತಿತ್ತು. ಉದುರಿದ ಕಾಯಿ ಜಜ್ಜಿದರೆ ಎಣ್ಣೆ ಕೊಡುತ್ತಿತ್ತು. ಅದನ್ನು ಮೀನಖಂಡಕ್ಕೆ ತಿಕ್ಕಿಕೊಂಡರೆ ನೋವು ಮಾಯ.

"ನೀನಿಲ್ಲದಿದ್ದರೆ ನನ್ನ ಕಾಲು ಎಂದೋ ಕೈಕೊಡುತ್ತಿತ್ತು ತಾಯಿ" ಎನ್ನುತ್ತಿದ್ದ.

ದೊಡ್ಡ ಪಂದ್ಯದ ದಿನ ಬಂತು. ಗಾಳಿ ಏದುಸಿರು ಬಿಡುತ್ತಾ ಬಂತು. "ಕೇಳಿದೆಯಾ ನಿಕಾಂದ್ರ? ಔತಣಕ್ಕೆ ಸೌದೆ ಸಾಲದಂತೆ. ಓಟ ಮುಗಿದ ಕೂಡಲೇ ನಿನ್ನ ಮರಕ್ಕೆ ಕೊಡಲಿ!"

ನಿಕಾಂದ್ರ ಬಯಲಿಗೆ ಧಾವಿಸಿದ. ಗೆದ್ದವನು ಕೇಳಿದ್ದನ್ನು ಕೊಡುವುದು ಅಲ್ಲಿಯ ವಾಡಿಕೆ. ಗೆಲ್ಲಲೇಬೇಕು, ಬೇರೆ ದಾರಿಯಿಲ್ಲ.

ಓಡಿದ ನೋಡಿ, ಅಬ್ಬಬ್ಬಾ! ಗೆದ್ದೂ ಬಿಟ್ಟ. ಆದರೆ ನಿಲ್ಲಲಿಲ್ಲ. ಆಗಲೇ ಕೊಡಲಿ ಮೇಲೆದ್ದಿತ್ತು. ಗೆರೆ ದಾಟಿದವನೇ ಸೀದಾ ಹೋಗಿ ಮರವನ್ನು ತಬ್ಬಿಕೊಂಡ.

ಪಂದ್ಯದ ಯಜಮಾನರು ಕೆಂಡವಾದರು. ಅಲ್ಲಿನ ಓಟಗಾರರು ಮೈಗೆ ಜಿಡ್ಡು ಸವರಿ, ಮೇಲೆ ಬಿಳಿ ಧೂಳು ಹಚ್ಚಿಕೊಂಡು ಓಡುವವರು. ಓಟವಾದ ಮೇಲೆ ಬಾಗಿದ ಲೋಹದ ಪಟ್ಟಿಯಿಂದ ಅದನ್ನೆಲ್ಲ ಕೆರೆದು, ಮಿಂದು ಬಂದರೇನೇ ಬಹುಮಾನ.

"ಏನಯ್ಯಾ ಇದು ನಿನ್ನ ಅವತಾರ? ಹೋಗು, ಮೈ ಕೆರೆದುಕೊಂಡು ಬಾ!"

"ಹೋಗಿ ಬರುವಷ್ಟರಲ್ಲಿ ಮರ ಇರೋದಿಲ್ಲ ಒಡೆಯಾ. ನನಗೆ ಎತ್ತು ಬೇಡ, ಬೆಳ್ಳಿ ಬೇಡ. ಈ ಮರ ಉಳಿಸಿಕೊಡಿ. ಗೆದ್ದಿದ್ದು ನಾನಲ್ಲ, ಇವಳ ಎಣ್ಣೆ, ಇವಳ ನೆರಳು."

ಯಜಮಾನರ ಸಿಟ್ಟು ಜರ್ರನೆ ಇಳಿಯಿತು. "ಆಯ್ತಪ್ಪ, ಮರ ನಿನ್ನದೇ. ತಲೆ ಮೇಲೆ ಹೊತ್ತುಕೊಂಡು ಊರಿಗೆ ಹೋಗ್ತೀಯೇನು?" ಎಂದು ನಕ್ಕರು. ಒಂದು ಎಳೆಯ ರೆಂಬೆ ಕೊಯ್ದು, ಸುತ್ತಿ, ಅವನ ತಲೆಗೆ ಕಿರೀಟವಾಗಿ ಇಟ್ಟರು.

ಮರಕ್ಕೆ ಅಳು ತಡೆಯಲಾಗಲಿಲ್ಲ. ಉಳಿದ ರೆಂಬೆಗಳನ್ನೂ ಒಂದೊಂದಾಗಿ ಬಗ್ಗಿಸಿ, ಅವನ ಹಣೆ ಸವರಿತು. ಎಲೆಗಳ ಕೆಳಮಗ್ಗುಲಿಗೆಲ್ಲ ಬೆವರು, ಬಿಳಿ ಧೂಳು ಮೆತ್ತಿಕೊಂಡಿತು.

"ಛೇ, ಗಲೀಜು! ಮಳೆಯನ್ನು ಕರೆಯಲಾ? ತೊಳೆದುಬಿಡುತ್ತೆ" ಎಂದಿತು ಗಾಳಿ.

"ಬೇಡಪ್ಪಾ, ಬೇಡ" ಎಂದಿತು ಮರ. "ನನ್ನ ಉಪಕಾರ ನೆನೆದ ಮನುಷ್ಯನ ಬೆವರು ಅದು. ನನ್ನಲ್ಲೇ ಇರಲಿ."

ಅದಕ್ಕೇ ನೋಡಿ ಮಕ್ಕಳೇ, ಆಲಿವ್ ಎಲೆ ಮೇಲೆ ಹಸಿರು, ಕೆಳಗೆ ಬಿಳಿ ಬಿಳಿ, ಎಷ್ಟು ಮಳೆ ಹೊಯ್ದರೂ ಆ ಧೂಳನ್ನು ಅದು ಇವತ್ತಿಗೂ ತೊಳೆದುಕೊಂಡಿಲ್ಲ.