ಪುಟ್ಮಾದ ಚಿಟ್ಟೆಮನೆಗೆ ಹೋದದ್ದು

ಕೇಳ್ರಪ್ಪಾ, ನಗು ಬಂದ್ರೆ ನಕ್ಕುಬಿಡಿ, ತಡೀಬೇಡಿ. ಚಿಕ್ಕತಾಯಮ್ಮ ಅನ್ನೋ ಹೆಂಗಸಿಗೆ ಒಬ್ಬನೇ ಮಗ, ಪುಟ್ಮಾದ. ಮೀಸೆ ಬಂದಿತ್ತು, ಬುದ್ಧಿ ಬಂದಿರ್ಲಿಲ್ಲ. ಏನು ಹೇಳಿದ್ರೆ ಅದನ್ನೇ ಮಾಡೋನು.

"ಚಿಟ್ಟೆ ತೋಟದಲ್ಲಿ ಕೆಲಸ ಕೊಡಿಸಿದೀನಿ ಕಣೋ. ನೀನೊಂದು ಕಡೆ ನೆಟ್ಟಗೆ ನಿಂತ್ರೆ, ನಾನೊಂದು ದಿನ ನೆಮ್ಮದಿಯಾಗಿ ಮಲಗ್ತೀನಿ!" ಅಂದ್ಲು ತಾಯಿ.

ಹೋದ. ತೋಟದ ನಡುವೆ ಗಾಜಿನ ಮನೆ. ಒಳಗೆ ಕಾಲಿಟ್ಟೋನು ತೆರೆದ ಬಾಯಿ ಮುಚ್ಚಲೇ ಇಲ್ಲ! ಹಳದಿ, ನೀಲಿ, ಕಪ್ಪು, ಹಾರೋದೇ ಹಾರೋದು! "ಅಬ್ಬಬ್ಬಾ! ಹೂವೆಲ್ಲ ಗಿಡ ಬಿಟ್ಟು ಎದ್ದಿದಾವೆ!" ಅಂತ ಒಂದನ್ನ ಹಿಡಿಯೋಕೆ ಹೋದ.

ತೋಟ ನೋಡ್ಕೊಳ್ಳೋ ಪರಶಿವಯ್ಯ ಕೂಗಿದ್ರು: "ಏಯ್, ಮುಟ್ಟಬೇಡ! ಹತ್ರ ಬಂದ್ರೆ ಅಲ್ಲಾಡದೆ ಸುಮ್ನೆ ನಿಂತ್ಕೋ!"

"ಆಗ್ಲಿ ಸ್ವಾಮಿ!"

ಮಾರನೇ ದಿನ ಹೊರಗಿನ ತೋಟಕ್ಕೆ ಮೇಕೆ ನುಗ್ತು. ಪುಟ್ಮಾದ ಸುಮ್ನೆ ನಿಂತ. ಮೇಕೆ ಕರಿಬೇವು ತಿಂತು, ನಿಂಬೆ ಗಿಡ ತಿಂತು, ಇವನ ಹೆಗಲ ಮೇಲಿನ ಟವಲ್ಲನ್ನೂ ತಿಂತು. ಇವನು ಅಲ್ಲಾಡ್ಲಿಲ್ಲ!

ಪರಶಿವಯ್ಯ ಓಡಿಬಂದ್ರು: "ಅಯ್ಯೋ ದಡ್ಡ ಶಿಖಾಮಣಿ! ಎಲೆ ತಿನ್ನೋಕೆ ಬಂದದ್ದನ್ನ ಹಿಡಿದು ಬೇಲಿ ಆಚೆ ಬಿಡಬೇಕು ಕಣೋ!"

"ಆಗ್ಲಿ ಸ್ವಾಮಿ!"

ಅದರ ಮಾರನೇ ದಿನ ಗಾಜಿನ ಮನೇಲಿ ನೋಡ್ತಾನೆ, ಹಸುರು ಹುಳಗಳು ಎಲೆ ತಿಂತಾ ಕೂತಿವೆ. ಒಂದೊಂದನ್ನೇ ಆರಿಸಿ ಬೇಲಿ ಆಚೆ ಬಿಟ್ಟ!

ಪರಶಿವಯ್ಯ ತಲೆ ತಲೆ ಚಚ್ಚಿಕೊಂಡ್ರು. "ಅವೇ ಕಣೋ ಚಿಟ್ಟೆ ಆಗೋದು! ಹೊಟ್ಟೆ ತುಂಬ ತಿಂತಾವೆ, ಮೈತುಂಬ ಹೊದ್ದು ಮಲಗ್ತಾವೆ, ಏಳೋ ಹೊತ್ತಿಗೆ ರೆಕ್ಕೆ! ಒಂದು ಹುಳ ಕಮ್ಮಿಯಾದ್ರೂ ನಿನ್ನ ಕೆಲಸ ಹೋಯ್ತು!"

ಪುಟ್ಮಾದ ಬೇಲಿ ಆಚೆಗೆ ಓಡಿದ. ಕೆಲಸ ಹೋದ್ರೆ ಅಮ್ಮ ಮಲಗೋದು ಯಾವಾಗ? ಮುಳ್ಳಲ್ಲಿ ತೆವಳಿ ತೆವಳಿ ಎಲ್ಲಾನೂ ಹುಡುಕಿ ತಂದ.

ಆಗ ಪರಶಿವಯ್ಯ ಹುಳಗಳು ಹೊದ್ದು ಮಲಗಿದ್ದ ಗೂಡುಗಳ ಪೆಟ್ಟಿಗೆ ತೋರಿಸಿದ್ರು. "ಮಲಗಿದ್ದನ್ನ ಎಬ್ಬಿಸಬೇಡ. ಹಾರೋ ಹೊತ್ತಿಗೆ ಮೇಲಿನ ಮುಚ್ಚಳ ತೆಗೆದಿಡು."

ಅವನ ಕಣ್ಣೆದುರೇ ಒಂದು ಗೂಡು ಬಿರೀತು! ಒದ್ದೆಯಾಗಿ, ಮುದುಡಿಕೊಂಡು ಹೊರಗೆ ಬಂದದ್ದು ಮೆಲ್ಲಗೆ ರೆಕ್ಕೆ ಬಿಚ್ತು, ಒಣಗಿಸ್ಕೊಂಡ್ತು, ಎದ್ದು ಹೋಯ್ತು. ಪುಟ್ಮಾದ ಕೈ ಮುಗಿದುಬಿಟ್ಟ. ಕಣ್ಣಲ್ಲಿ ನೀರು. ಅದನ್ನ ನೋಡಿ ಪರಶಿವಯ್ಯನೋರೂ ಕರಗಿದ್ರು. "ಹೋಗು, ಕೆಲಸ ಖಾಯಂ ಅಂತ ನಿಮ್ಮಮ್ಮಂಗೆ ಹೇಳು."

ಆ ತಾಯಿ ಖುಷಿ ಏನು ಕೇಳ್ತೀರಿ! ಹೊಟ್ಟೆ ಬಿರಿಯ ಉಂಡ್ಲು, ಕಂಬಳಿ ಎಳ್ಕೊಂಡು, ತಲೆ ಮುಚ್ಚೋ ಹಾಗೆ ಹೊದ್ದು, ಹಗಲಲ್ಲೇ ಮಲಗಿಬಿಟ್ಲು.

ಪುಟ್ಮಾದ ನೋಡ್ದ. ತಿಂದಿದಾಳೆ. ಹೊದ್ದಿದಾಳೆ. "ಅಬ್ಬಬ್ಬಾ, ನಮ್ಮಮ್ಮನೂ!" ಅಂದೋನೇ ಸೂರಿಗೆ ಏಣಿ ಹಾಕಿದ.

ಸಂಜೆ ತಾಯಿ ಕಣ್ಣು ಬಿಟ್ರೆ, ಮೇಲೆ ಒಂದು ಹೆಂಚೂ ಇಲ್ಲ, ಬರೀ ಆಕಾಶ! "ಅಯ್ಯೋ ಮನೆಹಾಳ!" ಅಂತ ಧಡಕ್ಕನೆ ಎದ್ಲು.

ಪುಟ್ಮಾದ ಕೈ ಮುಗ್ಕೊಂಡು ಓಡಿಬಂದ. "ಆತುರ ಬೇಡ ಕಣಮ್ಮಾ! ಮೊದ್ಲು ರೆಕ್ಕೆ ಒಣಗ್ಲಿ, ಆಮೇಲೆ ಹಾರೀಯಂತೆ!"